ಐವತ್ತನೇ ವಚನ ಯಾಕೆ ಬಿಟ್ಟೆ?

ಭಾವನ ಫೋನ್ ಬಂದಿದ್ದು ರಾತ್ರಿ ಹತ್ತೂವರೆಗೆ. ನಮ್ಮ ಮನೇಲಿ ಹತ್ತರ ಮೇಲೆ ಫೋನ್ ಹೊಡ್ಕೊಂಡ್ರೆ ಒಂದೋ ಊರಲ್ಲಿ ಯಾರೋ ಹೋದ್ರು ಇಲ್ಲಾ ಯಾರನ್ನೋ ಆಸ್ಪತ್ರೆಗೆ ಸೇರಿಸಿದ್ರು ಅಂತಲೇ ಲೆಕ್ಕ, ಹಾಗಾಗಿ ಪಾತ್ರೆ ತೊಳೀತಿದ್ದ ಕೈನ ನೈಟಿಗೆ ಒರೆಸಿಕೊಂಡು ಓಡಿದೆ. ಆ ಕಡೆಯಿಂದ ಹಲೋ ಇಲ್ಲ, ಊಟ ಆಯ್ತಾ ಇಲ್ಲ. "ನಲವತ್ತೊಂಬತ್ತು ಮಾತ್ರ ಕಳಿಸಿದ್ದೀಯಲ್ಲ, ಐವತ್ತು ಯಾಕೆ ಬಿಟ್ಟೆ?" ಅಂದ್ರು, ಅಷ್ಟೇ.

ಬೈಬಲಿನ ಒಂದು ಪುಟದ ಫೋಟೋ ಕಳಿಸಿದ್ದೆ, ಅದರ ವಚನದ ಮಾತು; ಯಾವುದರ ಐವತ್ತು ಅಂತ ಕೇಳೋ ಅಗತ್ಯ ನನಗೆ ಬೀಳಲಿಲ್ಲ. ತಪ್ಪು ಮಾಡಿದವರಿಗೆ ಗೊತ್ತಿರುತ್ತಲ್ಲ.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ನಾವು ಬಾಸೆಲ್ ಮಿಷನ್ ಕಡೆಯ ಪ್ರಾಟೆಸ್ಟೆಂಟರು, ಉಡುಪಿ ಹತ್ರದವರು, ಅಪ್ಪನ ಕಾಲದಲ್ಲೇ ಮುಂಬಯಿಗೆ ಬಂದ್ವಿ. ನಾನಿರೋದು ಮುಲುಂಡ್, ಅಕ್ಕ ಭಾವ ಡೊಂಬಿವಲಿ. ಭಾನುವಾರದ ಕನ್ನಡ ಆರಾಧನೆಗೆ ಬರೋ ನಮ್ಮ ಸಭೆ ಅಂದ್ರೆ ಒಂದು ಖಿಚಡಿ, ಕರಾವಳಿಯವರು, ಧಾರವಾಡ ಗದಗದವರು, ಬೀದರ ಕಡೆಯ ಮೆಥಡಿಸ್ಟರು, ಮೂರು ತರದ ಕನ್ನಡದಲ್ಲಿ ಒಂದೇ ಕೀರ್ತನೆ ಮೂರು ಸ್ಪೀಡಲ್ಲಿ ಹಾಡ್ತೀವಿ. ಅಕ್ಕನ ಮಗನಿಗೆ ಈಗ ಇಪ್ಪತ್ತಾರು. ಹೋದ ವರ್ಷ ಕ್ರಿಸ್ಮಸ್ಸಿಗೆ ಎರಡು ದಿನ ಇದ್ದಾಗ, ಅಕ್ಕ ರೋಸ್ ಕುಕ್ಕೀಸ್ ಕರೀತಾ ಇದ್ಲು, ಅವನು ಅಡುಗೆಮನೆ ಬಾಗಿಲಲ್ಲಿ ನಿಂತು ತನ್ನ ಜೊತೆ ಫ್ಲಾಟಲ್ಲಿರೋ ಹುಡುಗ ಬರೀ ರೂಮ್‌ಮೇಟ್ ಅಲ್ಲ ಅಂತ ಹೇಳಿದ. ಅಕ್ಕ ಅಚ್ಚು ಎಣ್ಣೆಯಲ್ಲೇ ಬಿಟ್ಲಂತೆ. ಭಾವ ಏನೂ ಅನ್ನಲಿಲ್ಲ, ಒಳಗೆ ಹೋಗಿ ಕಪಾಟಿನಿಂದ ಸತ್ಯವೇದ, ಅಂದ್ರೆ ನಮ್ಮ ಕನ್ನಡ ಬೈಬಲ್, ತಂದು ಅದರಲ್ಲಿ ಯಾಜಕಕಾಂಡ ಅನ್ನೋ ಪುಸ್ತಕದ ಹದಿನೆಂಟನೇ ಅಧ್ಯಾಯ ತೆಗೆದು ಟೇಬಲ್ ಮೇಲೆ ಇಟ್ಟು, ವಾಕಿಂಗ್ ಹೋಗಿಬಿಟ್ರು.

ಬೈಗುಳ ಇಲ್ಲ, ಹೊಡೆತ ಇಲ್ಲ, ಮನೆಯಿಂದ ಹೊರಗೆ ಹೋಗು ಅಂತಲೂ ಇಲ್ಲ. ಅವತ್ತಿನಿಂದ ಅವನು ಶನಿವಾರ ಮನೆಗೆ ಬಂದ್ರೆ ಭಾವ ಏಳೂವರೆಗೇ ಊಟ ಮುಗಿಸಿ ಒಳಗೆ ಟಿವಿ ಮುಂದೆ ಕೂತಿರ್ತಾರೆ, ಇವನು ಮತ್ತು ಅಕ್ಕ ಒಂಬತ್ತಕ್ಕೆ ಕೂರ್ತಾರೆ.

ಅಕ್ಕ ನನಗೆ ಹೇಳಿದ್ದು ಒಂದೇ, "ನೀನು ಓದ್ತೀಯಲ್ಲ, ಅವರ ಹತ್ರ ಮಾತಾಡು." ನಾನು ಥಿಯಾಲಜಿ ಓದಿದವಳಲ್ಲ. ಇಪ್ಪತ್ತೇಳು ವರ್ಷದಿಂದ ಇನ್ಶುರೆನ್ಸ್ ಆಫೀಸಿನ ಕ್ಲೇಮ್ಸ್ ಸೆಕ್ಷನ್ನಲ್ಲಿದ್ದೀನಿ. ಆದರೆ ಒಂದು ವಾಕ್ಯ ಏನು ಹೇಳುತ್ತೆ ಅನ್ನೋದು ಅದರ ಹಿಂದೆ ಮುಂದೆ ಏನಿದೆ, ಯಾವ ವರ್ಷ ಬರೆದದ್ದು, ಆವಾಗ ಆ ಶಬ್ದಕ್ಕೆ ಏನರ್ಥ ಇತ್ತು ಅನ್ನೋದರ ಮೇಲೆ ನಿಂತಿದೆ ಅಂತ ಆ ಕೆಲಸವೇ ಕಲಿಸಿದೆ. ಕ್ಲೇಮ್ ಕೊಡಬಾರದು ಅಂತ ಮೊದಲೇ ಮನಸ್ಸು ಮಾಡಿದವನಿಗೆ ಪಾಲಿಸಿಯಲ್ಲಿ ಒಂದು ಲೈನು ಸಿಕ್ಕೇ ಸಿಗುತ್ತೆ, ಕೊಡಲೇಬೇಕು ಅಂತ ಇದ್ದವನಿಗೂ ಸಿಗುತ್ತೆ, ಅದೂ ಗೊತ್ತು.

ಅಂತೂ ಲೋಕಲ್ ಟ್ರೇನಲ್ಲಿ ಹೋಗ್ತಾ ಬರ್ತಾ, ಮೊಬೈಲಲ್ಲಿ, ಲೈಬ್ರರಿಯಲ್ಲಿ, ಸಿಕ್ಕಿದ್ದೆಲ್ಲ ಓದಿದೆ.

ಮೊದಲು ಯಾಜಕಕಾಂಡ. ಗಂಡು ಗಂಡಿನ ಜೊತೆ ಹೆಣ್ಣಿನ ಜೊತೆ ಮಲಗಿದ ಹಾಗೆ ಮಲಗಬಾರದು, ಅದು ಅಸಹ್ಯ ಅಂತ 18:22, ಅಂದ್ರೆ ಹದಿನೆಂಟನೇ ಅಧ್ಯಾಯದ ಇಪ್ಪತ್ತೆರಡನೇ ವಚನ. ಅಸಹ್ಯ ಅನ್ನೋ ಕಡೆ ಹೀಬ್ರೂದಲ್ಲಿರೋ ಶಬ್ದ ತೋಎವಾ. ಇದೇ ಶಬ್ದ ಆದಿಕಾಂಡ 43ರಲ್ಲೂ ಇದೆ. ಯೋಸೇಫನ ಅಣ್ಣಂದಿರು ಬರಗಾಲದಲ್ಲಿ ಧಾನ್ಯಕ್ಕೆ ಅಂತ ಐಗುಪ್ತಕ್ಕೆ (ಈಜಿಪ್ಟಿಗೆ) ಬರ್ತಾರಲ್ಲ, ಅಲ್ಲಿ ಊಟ ಬಡಿಸೋವಾಗ ಯೋಸೇಫನಿಗೆ ಬೇರೆ, ಅಣ್ಣಂದಿರಿಗೆ ಬೇರೆ, ಐಗುಪ್ತದವರಿಗೆ ಬೇರೆ, ಯಾಕಂದ್ರೆ ಇಬ್ರಿಯರ, ಅಂದ್ರೆ ಯೋಸೇಫನ ಜನರ, ಜೊತೆ ಕೂತು ಉಣ್ಣೋದು ಐಗುಪ್ತದವರಿಗೆ ತೋಎವಾ. ಇಂಗ್ಲಿಷಿನವರಿಗೆ ಇದನ್ನ ಅರ್ಥ ಮಾಡಿಸೋಕೆ ಪುಟಗಟ್ಟಲೆ ಬರೀಬೇಕು ಪಾಪ, ನಮಗೆ ಒಂದೇ ಶಬ್ದ ಸಾಕು, ಮೈಲಿಗೆ. ಪಂಕ್ತಿಭೇದ ನೋಡಿದ ಯಾರಿಗೂ ಆ ವಚನ ವಿವರಿಸಬೇಕಾಗಿಲ್ಲ. ಧರ್ಮೋಪದೇಶಕಾಂಡದಲ್ಲಿ ಹಂದಿ ಮಾಂಸದ ಪಟ್ಟಿ ಶುರುವಾಗೋದೂ ಇದೇ ಶಬ್ದದಿಂದ, ಯಾವ ತೋಎವಾವನ್ನೂ ತಿನ್ನಬೇಡಿ ಅಂತ.

ಆಹಾ ಸಿಕ್ಕಿತು ಅಂದ್ಕೊಂಡೆ. ಇದು ಮಡಿ ಮೈಲಿಗೆಯ ಕಾನೂನು, ಅಕ್ಕಪಕ್ಕದ ಜನಾಂಗದವರಿಂದ ತಾವು ಬೇರೆ ಅಂತ ಗೆರೆ ಎಳೆಯೋ ಕಾನೂನು, ಅಧ್ಯಾಯದ ಶುರುವಿನಲ್ಲೇ ಐಗುಪ್ತದವರ ಹಾಗೆ ಕಾನಾನಿನವರ ಹಾಗೆ ನಡೀಬೇಡಿ ಅಂತಿದೆ, ಇದೇ ಪುಸ್ತಕ ಬೇಡ ಅಂದ ಸಿಗಡಿ ನಾವು ತಿಂತೀವಿ, ಬೇಡ ಅಂದ ನಾರುಮಡಿ ಉಣ್ಣೆ ಬೆರೆಸಿದ ಬಟ್ಟೆ ಹಾಕ್ತೀವಿ, ಮತ್ತೆ ಇದೊಂದು ಯಾಕೆ. ಆದರೆ ಅದೇ ಶಬ್ದ ಜ್ಞಾನೋಕ್ತಿಗಳಲ್ಲಿ ಮೋಸದ ತ್ರಾಸಿಗೂ ಬರುತ್ತೆ. ತೂಕದಲ್ಲಿ ಮೋಸ ಮಾಡೋದು ಮೈಲಿಗೆ ವಿಷಯ ಅಲ್ಲ, ಮೀನು ಮಾರ್ಕೆಟ್ಟಿಗೆ ಹೋಗೋ ಯಾರನ್ನಾದ್ರೂ ಕೇಳಿ. ಯಾಜಕಕಾಂಡ 18ರ ಪಟ್ಟಿಯಲ್ಲೇ ಮಕ್ಕಳನ್ನ ಮೋಲೆಕ ಅನ್ನೋ ದೇವರಿಗೆ ಬಲಿ ಕೊಡಬೇಡಿ ಅನ್ನೋದೂ ಇದೆ, ಅದನ್ನ ಹಳೇ ಕಾಲದ ಮಾತು ಅಂತ ತಳ್ಳಿಹಾಕೋಕೆ ಆಗುತ್ತಾ. ಅಂದ್ರೆ ಶಬ್ದ ಒಂದರಿಂದಲೇ ಈ ಗಂಟು ಬಿಚ್ಚಲ್ಲ. ಬಿಚ್ಚುತ್ತೆ ಅಂತ ಭಾವನಿಗೆ ಕಳಿಸಿದ ಮೊದಲ ಮೆಸೇಜಿನಲ್ಲಿ ತ್ರಾಸಿನ ವಿಷಯ ನಾನು ಬರೆದಿರಲಿಲ್ಲ.

ಭಾವ ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿದ್ದವರು, ಕೊನೇ ಹತ್ತು ವರ್ಷ ಇನ್ಸ್‌ಪೆಕ್ಷನ್. ಬ್ರಾಂಚಿಗೆ ಇವರು ಬರ್ತಾರೆ ಅಂದ್ರೆ ಮ್ಯಾನೇಜರುಗಳು ಹಿಂದಿನ ರಾತ್ರಿ ವೋಚರ್ ಹುಡುಕ್ತಾ ಕೂರ್ತಿದ್ರಂತೆ. ಅಂಥವರ ಹತ್ರ ನಾನು ಅರ್ಧ ಲೆಡ್ಜರ್ ತಗೊಂಡು ಹೋಗಿದ್ದೆ. ಆದರೆ ಒಂದು ಸಲ ಅವರನ್ನೂ ನಾನು ಹಿಡಿದೆ, ಅದನ್ನ ಹೇಳಲೇಬೇಕು. ಯಾಜಕಕಾಂಡ 25ರಲ್ಲಿ ಬಡ್ಡಿ ತಗೋಬಾರದು ಅಂತ ಸ್ಪಷ್ಟವಾಗಿದೆ, ವಿಮೋಚನಕಾಂಡದಲ್ಲೂ ಇದೆ. "ಭಾವ, ಇದೇ ಪುಸ್ತಕ, ಏಳು ಅಧ್ಯಾಯ ಮುಂದೆ, ನೀವು ಮೂವತ್ತೆಂಟು ವರ್ಷ ಮಾಡಿದ್ದೇನು?" ಅಂದೆ. ಒಂದು ಸೆಕೆಂಡು ತಡ ಮಾಡದೆ, "ಅದು ಕಷ್ಟಕ್ಕೆ ಬಿದ್ದ ಬಡವನಿಗೆ ಕೊಡೋ ಕೈಸಾಲದ ಮಾತು ಮಾರಾಯ್ತಿ, ಆಗ ವ್ಯಾಪಾರಕ್ಕೆ ಸಾಲ ಕೊಡೋ ಬ್ಯಾಂಕು ಎಲ್ಲಿತ್ತು, ಆಗಿನ ಪರಿಸ್ಥಿತಿ ನೋಡಬೇಕಲ್ಲ" ಅಂದ್ರು. ಆಮೇಲೆ ಇಬ್ಬರೂ ಸುಮ್ಮನಾದ್ವಿ. ಅವರಿಗೂ ಕೇಳಿಸಿತ್ತು ತಾವೇನಂದ್ರು ಅಂತ.

ನಾನೂ ಅದೇ ತಾನೇ. ತಿಂಗಳಿಗೊಂದು ಭಾನುವಾರ ಪುಲ್ಪಿಟ್ ಹತ್ತಿ ಪಾಠ ಓದ್ತೀನಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಹೆಂಗಸರು ಸಭೆಯಲ್ಲಿ ಮಾತಾಡಬಾರದು ಅಂತಿರೋದು ಆ ಸಭೆಯ ಆ ಕಾಲದ ಗಲಾಟೆಗೆ ಬರೆದ ಮಾತು ಅಂತ ನಮ್ಮ ಅಯ್ಯನವರೂ (ಪಾದ್ರಿ) ಒಪ್ಪಿದ್ದಾರೆ, ನನ್ನ ಅಜ್ಜಿ ಸೆರಗು ತಲೆ ಮೇಲಿಂದ ಜಾರೋಕೆ ಬಿಡ್ತಿರಲಿಲ್ಲ, ನಾನು ತಲೆ ಮೇಲೆ ಹಾಕೋದೇ ಇಲ್ಲ. ಸಂದರ್ಭ ನೋಡಿ ಓದೋದು ಅಂದ್ರೆ ಏನೋ ಪಾಶ್ಚಾತ್ಯರ ಹೊಸ ಫ್ಯಾಶನ್ನು ಅಂತ ಮನೆ ಪ್ರಾರ್ಥನೇಲಿ ಬೀದರಿನ ಹಿರಿಯರೊಬ್ಬರು ಹೇಳಿದಾಗ, ಅವರ ಪಕ್ಕದಲ್ಲೇ ನಾನು ಓದೋಕೆ ಬೈಬಲ್ ಹಿಡ್ಕೊಂಡು ಕೂತಿದ್ದೆ.

ಸಭೆಗಳಿಗೆ ಈ ಪತ್ರಗಳನ್ನ ಬರೆದ ಪೌಲನ ವಿಷಯ ಇನ್ನೂ ಮಜಾ ಇದೆ, ಮಜಾ ಅನ್ನಬಾರದೇನೋ. 1 ಕೊರಿಂಥ 6:9ರಲ್ಲಿ ದೇವರ ರಾಜ್ಯಕ್ಕೆ ಬಾಧ್ಯರಾಗದವರ ಪಟ್ಟಿ ಇದೆ. ನಮ್ಮ ಮನೆಯ ಹಳೇ ಕನ್ನಡ ಸತ್ಯವೇದದಲ್ಲಿ ಅಲ್ಲಿರೋ ಎರಡು ಶಬ್ದ "ವಿಟರು, ಪುರುಷಗಾಮಿಗಳು". ಅಕ್ಕನ ಮಗ ಚಿಕ್ಕವನಿದ್ದಾಗ ಸಂಡೇಸ್ಕೂಲಲ್ಲಿ ಕನ್ನಡ ಬೈಬಲ್ ಓದಿ ಲೋಟ ಅನ್ನೋ ಮನುಷ್ಯ ಸೊದೋಮ್ ಊರಿನಿಂದ ಓಡಿಹೋದ ಅನ್ನೋ ಕಡೆ ನಗು ತಡೆಯೋಕಾಗದೆ ಹೊರಗೆ ನಿಂತಿದ್ದ (ಸ್ಟೀಲ್ ಲೋಟಾನಾ ಗಾಜಿನ ಲೋಟಾನಾ ಚಿಕ್ಕಮ್ಮ ಅಂತ ಕೇಳಿದ್ದ), ಈಗ ಅವನು ಓದೋದು ಫೋನಲ್ಲಿ ಇಂಗ್ಲಿಷು. ಇಂಗ್ಲಿಷಿನ 1611ರ ಅನುವಾದದಲ್ಲಿ ಮೊದಲನೆಯ ಶಬ್ದಕ್ಕೆ ಹೆಣ್ಣಿಗ ಅನ್ನೋ ಅರ್ಥದ ಮಾತಿದೆ. 1946ರಲ್ಲಿ ಅಮೆರಿಕದಲ್ಲಿ ಬಂದ ಪರಿಷ್ಕೃತ ಹೊಸ ಒಡಂಬಡಿಕೆ ಎರಡೂ ಶಬ್ದ ಸೇರಿಸಿ ಒಂದೇ ಶಬ್ದ ಮಾಡ್ತು, ಹೋಮೋಸೆಕ್ಷುವಲ್ಸ್ ಅಂತ. 1971ರಲ್ಲಿ ಅದನ್ನ ತೆಗೆದು ಬೇರೆ ಹಾಕಿದ್ರು, 1989ರಲ್ಲಿ ಮತ್ತೆ ಬೇರೆ. ಆ ಹೋಮೋಸೆಕ್ಷುವಲ್ ಅನ್ನೋ ಶಬ್ದ ಅಚ್ಚಿಗೆ ಬಂದಿದ್ದೇ 1869ರಲ್ಲಿ, ಕೆರ್ಟ್‌ಬೆನಿ ಅನ್ನೋ ಹಂಗೇರಿಯ ಲೇಖಕ ಜರ್ಮನಿನಲ್ಲಿ ಬರೆದ ಕರಪತ್ರದಲ್ಲಿ, ಅದೂ ಪ್ರಷ್ಯಾದ ಕಾನೂನನ್ನ ವಿರೋಧಿಸಿ. ಇಂಥವರಿಗೆ ಶಿಕ್ಷೆ ಕೊಡಬೇಡಿ ಅಂತ ಹೇಳೋಕೆ ಹುಟ್ಟಿದ ಶಬ್ದ ಎಪ್ಪತ್ತೇಳು ವರ್ಷಕ್ಕೆ ನರಕದ ಪಟ್ಟಿ ಸೇರಿತು.

ಪೌಲ ಬರೆದ ಗ್ರೀಕಿನಲ್ಲಿ ಮೊದಲನೆಯದು ಮಲಾಕೊಯ್, ಅಂದ್ರೆ ಮೆತ್ತಗಿನವರು. ಇದೇ ಶಬ್ದ ಮತ್ತಾಯ 11ರಲ್ಲಿ ಅರಮನೆಯವರ ನಯವಾದ ಬಟ್ಟೆಗೆ ಬರುತ್ತೆ. ಗಂಡಸಿಗೆ ಹೇಳಿದಾಗ ಸೋಮಾರಿ, ಸುಖಪುರುಷ, ಹೆಣ್ಣಿನ ಹಿಂದೆ ಬಿದ್ದು ಗಟ್ಟಿತನ ಕಳ್ಕೊಂಡವನು, ಗಂಡಸರ ಕೈಗೆ ಸಿಕ್ಕ ಹುಡುಗ, ಏನು ಬೇಕಾದ್ರೂ ಆಗ್ತಿತ್ತು. ಅದನ್ನ ಕನ್ನಡ ಮಾಡಿದವರು ವಿಟ ಅಂದ್ರು ನೋಡಿ, ವಿಟ ಅಂದ್ರೆ ಸಂಸ್ಕೃತ ನಾಟಕದಲ್ಲಿ ವೇಶ್ಯೆಯರ ಕೇರಿಯಲ್ಲಿ ಅಡ್ಡಾಡೋ ಶೋಕಿಲಾಲ! ಇಂಗ್ಲಿಷಿನಲ್ಲಿ ಹೆಣ್ಣಿಗನಾದವನು ಕನ್ನಡದಲ್ಲಿ ಹೆಣ್ಣುಗಳ ಮನೆ ಬಾಗಿಲು ಕಾಯೋನಾದ. ಅಪ್ಪ ಕನ್ನಡದಲ್ಲಿ ಓದ್ತಾರೆ, ಮಗ ಇಂಗ್ಲಿಷಲ್ಲಿ ಓದ್ತಾನೆ, ಇಬ್ಬರ ಜಗಳ ಒಂದೇ ವಚನದ ಮೇಲೆ ಅಂತ ಇಬ್ಬರೂ ನಂಬಿದ್ದಾರೆ.

ಎರಡನೆಯದು ಅರ್ಸೆನೊಕೊಯ್ತಾಯ್. ಅರ್ಸೆನ್ ಅಂದ್ರೆ ಗಂಡು, ಕೊಯ್ತೆ ಅಂದ್ರೆ ಹಾಸಿಗೆ. ಪೌಲನಿಗಿಂತ ಹಿಂದೆ ಯಾರೂ ಈ ಶಬ್ದ ಬಳಸಿದ್ದು ಸಿಕ್ಕಿಲ್ಲ. ಒಂದು ಪಕ್ಷದ ವಿದ್ವಾಂಸರು ಹೇಳೋದು, ಇದು ರೋಮನ್ ಲೋಕದಲ್ಲಿ ನಡೀತಿದ್ದ ಶೋಷಣೆ, ಯಜಮಾನರು ಗುಲಾಮ ಹುಡುಗರನ್ನ ಬಳಸ್ಕೊಳ್ಳೋದು, ದುಡ್ಡಿಗೆ ಹುಡುಗರನ್ನ ಇಟ್ಕೊಳ್ಳೋದು, ಅದರ ಬಗ್ಗೆ, ಸರಿಸಮಾನರಾದ ಇಬ್ಬರು ಒಬ್ಬರಿಗೊಬ್ಬರು ನಿಷ್ಠೆಯಿಂದ ಬಾಳೋದು ಪೌಲನ ಕಣ್ಣಮುಂದೆ ಇರಲೇ ಇಲ್ಲ ಅಂತ. ಲೂಥರ್ ಕೂಡ ಜರ್ಮನಿನಲ್ಲಿ ಹುಡುಗರನ್ನ ಕೆಡಿಸುವವರು ಅನ್ನೋ ಅರ್ಥದ ಶಬ್ದವನ್ನೇ ಹಾಕಿದ್ದ. ಇನ್ನೊಂದು ಪಕ್ಷ ಹೇಳೋದೂ ಸುಳ್ಳಲ್ಲ, ಅಲೆಕ್ಸಾಂಡ್ರಿಯಾದಲ್ಲಿ ಆದ ಹಳೇ ಗ್ರೀಕ್ ಅನುವಾದದಲ್ಲಿ ಯಾಜಕಕಾಂಡ 20:13 ಓದಿದ್ರೆ ಅರ್ಸೆನ್, ಕೊಯ್ತೆ ಎರಡೂ ಪಕ್ಕಪಕ್ಕದಲ್ಲೇ ಇವೆ, ಪೌಲ ಅಲ್ಲಿಂದಲೇ ಎತ್ತಿ ಜೋಡಿಸಿರಬಹುದು, ಹಾಗಿದ್ರೆ ಅರ್ಥ ಹುಡುಗರಿಗೆ ಮಾತ್ರ ಸೀಮಿತ ಆಗಲ್ಲ. ನಾನು ಎರಡನ್ನೂ ಓದಿ, ಮೊದಲನೆಯದನ್ನ ಮಾತ್ರ ಭಾವನಿಗೆ ಕಳಿಸಿದೆ. ಅಭ್ಯಾಸ ಆಗಿಹೋಗಿತ್ತು.

ಈಗ ಐವತ್ತಕ್ಕೆ ಬರ್ತೀನಿ. ದೇವರು ಸುಟ್ಟುಹಾಕಿದ ಊರು ಸೊದೋಮಿನ ಪಾಪ ಏನು ಅಂತ ಕೇಳಿದ್ರೆ ಎಲ್ಲರೂ ಗಂಡು ಗಂಡಿನ ಕೂಟವೇ ಅಂತಾರೆ, ಇಂಗ್ಲಿಷಿನಲ್ಲಿ ಅಪರಾಧಕ್ಕೆ ಆ ಊರಿನ ಹೆಸರೇ ಬಿದ್ದಿದೆ. ಆದರೆ ಆದಿಕಾಂಡ 19ರ ಕತೆ ಬಾಗಿಲಿಗೆ ಬಂದ ಪರದೇಶಿಗಳನ್ನ ಊರಿಗೆ ಊರೇ ಸೇರಿ ಬಲಾತ್ಕಾರ ಮಾಡೋಕೆ ಹೊರಟ ಕತೆ, ಮತ್ತೆ ಪ್ರವಾದಿ ಯೆಹೆಜ್ಕೇಲ 16:49ರಲ್ಲಿ ಸೊದೋಮಿನ ದೋಷ ಇಂಥದು ಅಂತ ಬಿಡಿಸಿ ಹೇಳ್ತಾನೆ, ಸೊಕ್ಕು, ಹೊಟ್ಟೆತುಂಬ ಅನ್ನ, ನಿಶ್ಚಿಂತೆಯ ಬದುಕು, ಇಷ್ಟಿದ್ದೂ ಬಡವರ ಕೈ ಹಿಡೀಲಿಲ್ಲ ಅಂತ. ಮೊದಲ ಸಲ ಓದಿದಾಗ ಘಾಟ್ಕೋಪರ್ ದಾಟಿದ್ದೂ ಗೊತ್ತಾಗಲಿಲ್ಲ ನನಗೆ. ಎಂಥ ವಚನ! ತಕ್ಷಣ ಫೋಟೋ ತೆಗೆದು, ಕೆಂಪು ಗೆರೆ ಎಳೆದು, ಭಾವನಿಗೂ ಅಕ್ಕನಿಗೂ ಅವನಿಗೂ ಕಳಿಸಿದೆ. ಫೋಟೋನ ನಲವತ್ತೊಂಬತ್ತಕ್ಕೆ ಸರಿಯಾಗಿ ಕತ್ತರಿಸಿದ್ದೆ. ಯಾಕಂದ್ರೆ ಐವತ್ತರಲ್ಲಿ, ಅವರು ಗರ್ವದಿಂದ ನನ್ನ ಕಣ್ಣೆದುರಿಗೇ ಅಸಹ್ಯವನ್ನ ನಡೆಸಿದ್ರು, ಅದಕ್ಕೆ ನಿರ್ಮೂಲ ಮಾಡಿದೆ ಅಂತಿದೆ. ಅಸಹ್ಯ, ತೋಎವಾ, ಅದೇ ಶಬ್ದ.

ಫೋನಲ್ಲಿ ಏನೇನೋ ಹೇಳಿದೆ, ಆ ಅಸಹ್ಯ ಯಾವುದು ಅಂತ ಅಲ್ಲಿ ಬಿಡಿಸಿ ಹೇಳಿಲ್ಲ, ಯೆಹೆಜ್ಕೇಲ ಆ ಶಬ್ದವನ್ನ ವಿಗ್ರಹಾರಾಧನೆಗೂ ಬಳಸ್ತಾನೆ, ಇತ್ಯಾದಿ. ಎಲ್ಲ ನಿಜವೇ. ಆದರೆ ಭಾವ ಕೇಳಿದ್ದು ಅದಲ್ಲವಲ್ಲ. "ಅರ್ಥ ಏನಾದ್ರೂ ಇರಲಿ, ಕತ್ತರಿಸಿದ್ದು ಯಾಕೆ? ಸ್ಟೇಟ್‌ಮೆಂಟ್ ಕೊಡೋವಾಗ ಪೂರ್ತಿ ಕೊಡಬೇಕು" ಅಂದು ಇಟ್ಟುಬಿಟ್ರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾಜಕಕಾಂಡ 18:22 ಒಂದನ್ನೇ ಟೇಬಲ್ ಮೇಲೆ ತೆಗೆದಿಟ್ಟು ಹೋದವರು ಭಾವ ಅಂತ ನನಗೆ ಸಿಟ್ಟಿತ್ತು, ಕೊನೆಗೆ ಅವರು ಪುಸ್ತಕ ಪೂರ್ತಿ ತೆರೆದಿಟ್ಟಿದ್ರು, ಕತ್ತರಿ ಹಿಡಿದಿದ್ದು ನಾನು.

ಆಮೇಲಿಂದ ನನ್ನ ಓದೇ ಬೇರೆ ಆಯ್ತು ಅನ್ನಬಹುದು. ನಮ್ಮ ಪಕ್ಷದವರು, ಅಂದ್ರೆ ನಾನು ಯಾರ ಕಡೆ ಇದ್ದೀನೋ ಅವರು, ಮಾಡೋದೂ ಕಣ್ಣಿಗೆ ಬೀಳೋಕೆ ಶುರುವಾಯ್ತು. ಮಾಟುಂಗದಲ್ಲಿ ಕನ್ನಡ ಕಾರ್ಯಕ್ರಮಕ್ಕೆ ಹೋದಾಗ ಸಿಗೋ ಹುಬ್ಬಳ್ಳಿ ಕಡೆಯ ಗೆಳತಿಯೊಬ್ಬಳಿಗೆ ವಿಷಯ ಗೊತ್ತು. "ನಿಮ್ ಬೈಬಲ್‌ನ್ಯಾಗ ಇದೆಲ್ಲಾ ರಗಳಿ, ನಮ್ಮಲ್ಲಿ ನೋಡು, ಏನಂತಾನ ದಾಸಿಮಯ್ಯ" ಅಂತ ಜೇಡರ ದಾಸಿಮಯ್ಯನ ವಚನ ಕಳಿಸಿದ್ಲು. ವಚನ ಅನ್ನೋ ಶಬ್ದಕ್ಕೇ ನಮ್ಮಲ್ಲಿ ಎರಡು ಮನೆ ನೋಡಿ. ಮೊಲೆ ಮುಡಿ ಬಂದ್ರೆ ಹೆಣ್ಣೆಂಬರು, ಗಡ್ಡ ಮೀಸೆ ಬಂದ್ರೆ ಗಂಡೆಂಬರು, ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ. ನನಗೆ ಪ್ರಾಣ ಆ ವಚನ ಅಂದ್ರೆ, ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೆ. ಆದರೆ ಅದು ಯಾರು ಯಾರ ಜೊತೆ ಬಾಳಬಹುದು ಅನ್ನೋದರ ಬಗ್ಗೆ ಅಲ್ಲ, ಆತ್ಮಕ್ಕೆ ಲಿಂಗ ಇಲ್ಲ ಅನ್ನೋದರ ಬಗ್ಗೆ. ಸತಿಪತಿಗಳೊಂದಾದ ಭಕ್ತಿ ಶಿವನಿಗೆ ಹಿತ ಅಂದವನೂ ಅದೇ ದಾಸಿಮಯ್ಯ, ದುಗ್ಗಳೆಯ ಗಂಡ, ಸಂಸಾರ ಬಿಡದೆ ಭಕ್ತಿ ಮಾಡಿದ ನೇಕಾರ. ಅವನನ್ನ ಅಷ್ಟು ಶತಮಾನ ಈಚೆ ಎಳೆದು ಪ್ರೈಡ್ ಮೆರವಣಿಗೆಯಲ್ಲಿ ಬಾವುಟ ಹಿಡಿಸೋದು, ಪೌಲನನ್ನ ಈಚೆ ಎಳೆದು ಇನ್ನೊಂದು ಬಾವುಟ ಹಿಡಿಸೋದು, ಎರಡೂ ಒಂದೇ ಕೆಲಸ. ಹೀಗಂತ ಬರೆದಿದ್ದಕ್ಕೆ ಅವಳು ಎರಡು ವಾರ ಮಾತು ಬಿಟ್ಲು.

ಇನ್ನು ಇಂಥ ರಗಳೆ "ನಮ್ಮಲ್ಲಿ ಇಲ್ಲ" ಅನ್ನೋ ಅವಳ ಮಾತು. ಮನುಸ್ಮೃತಿಯ ಹನ್ನೊಂದನೇ ಅಧ್ಯಾಯದಲ್ಲಿ ಒಂದು ಕಡೆ ದ್ವಿಜ ಗಂಡಸಿನ ಜೊತೆ ಕೂಡಿದ್ರೆ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಬೇಕು ಅಂತಿದೆ, ಎತ್ತಿನ ಗಾಡಿಯಲ್ಲಿ, ನೀರಲ್ಲಿ, ಹಗಲಲ್ಲಿ ಹೆಣ್ಣಿನ ಜೊತೆ ಕೂಡಿದ್ರೂ ಅದೇ ಸ್ನಾನ. ಇಷ್ಟೇನಾ ಅಂತ ನಗು ಬರುತ್ತೆ. ಅದೇ ಅಧ್ಯಾಯದಲ್ಲಿ ಮುಂಚೆ ಇದನ್ನೇ ಜಾತಿಭ್ರಂಶದ ಪಾಪಗಳಲ್ಲಿ ಸೇರಿಸಿದೆ, ಎಂಟನೇ ಅಧ್ಯಾಯದಲ್ಲಿ ಕನ್ಯೆಯನ್ನ ಕೆಡಿಸಿದ ಹೆಂಗಸಿಗೆ ತಲೆ ಬೋಳಿಸು ಇಲ್ಲಾ ಎರಡು ಬೆರಳು ಕತ್ತರಿಸು, ಕತ್ತೆ ಮೇಲೆ ಮೆರೆಸು ಅಂತಿದೆ. ಸ್ನಾನದ ಶ್ಲೋಕ ಮಾತ್ರ ಫಾರ್ವರ್ಡ್ ಆಗುತ್ತೆ. ಅಲ್ಲೂ ಒಬ್ಬಳು ನನ್ನಂಥವಳು ಕತ್ತರಿ ಹಿಡ್ಕೊಂಡು ಕೂತಿರಬೇಕು.

ಊರಿಗೆ ಬಸ್ಸಲ್ಲಿ ಹೋಗೋವಾಗ ಮಹಾಡ್ ಸಿಗುತ್ತೆ. 1927ರ ಡಿಸೆಂಬರ್ 25ಕ್ಕೆ ಅಲ್ಲೇ ಅಂಬೇಡ್ಕರ್ ಮತ್ತು ಜೊತೆಗಿದ್ದವರು ಮನುಸ್ಮೃತಿ ಸುಟ್ಟಿದ್ದು. ಕ್ರಿಸ್ಮಸ್ ದಿನ, ಅದು ನನಗೆ ಯಾವಾಗಲೂ ನೆನಪಿರುತ್ತೆ. ಯಾವ ಪುಸ್ತಕ ತಲೆಮಾರುಗಟ್ಟಲೆ ನಿಮ್ಮ ಕತ್ತಿನ ಮೇಲೆ ಕಾಲಿಟ್ಟಿದೆಯೋ ಅದನ್ನ ನಿಮ್ಮ ಮುಂದೆ ಹಿಡಿದು, ಸ್ವಲ್ಪ ಸಂದರ್ಭ ನೋಡಿ ಓದಿ ಸ್ವಾಮಿ ಅಂತ ಹೇಳೋದು ಎಂಥ ಮಾತು. ಅಕ್ಕನ ಮಗನೂ ಒಂದು ಸಲ ಅಂದ, "ಚಿಕ್ಕಮ್ಮ, ನೀವು ಗ್ರೀಕ್ ಕಲೀತಾ ಇದ್ದೀರ, ನಾನು ಶನಿವಾರ ಅಪ್ಪ ಇಲ್ಲದೆ ಉಣ್ತಾ ಇದ್ದೀನಿ." ನನ್ನ ಹತ್ರ ಉತ್ತರ ಇರಲಿಲ್ಲ. ಆದರೆ ನಮ್ಮ ಅಜ್ಜಿ ಬೈಬಲ್ ಕೈತಪ್ಪಿ ಬಿದ್ರೆ ಎತ್ತಿ ಕಣ್ಣಿಗೊತ್ತಿಕೊಳ್ತಿದ್ದವರು, ಅವರ ಮೊಮ್ಮಗಳು ನಾನು, ಸುಡೋ ದಾರಿ ನನ್ನದಲ್ಲ, ಓದೋ ದಾರಿ ಒಂದೇ ಇರೋದು, ಅದು ನಿಧಾನ. ಆ ನಿಧಾನದ ಬೆಲೆ ಕಟ್ತಿರೋದು ಅವನು, ನಾನಲ್ಲ ಅನ್ನೋದೂ ಗೊತ್ತು.

ಕಾನೂನಿನ ಕತೆಯಲ್ಲಿ ಮಾತ್ರ ನನಗೆ ಅನುಮಾನ ಉಳಿದಿಲ್ಲ. ಪೌಲ ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಸ್ವಭಾವಕ್ಕೆ ವಿರುದ್ಧ ಅನ್ನೋ ಮಾತಿದೆ, ಗ್ರೀಕಿನಲ್ಲಿ ಪಾರಾ ಫ್ಯೂಸಿನ್. ಅದು ಚರ್ಚಿನ ಮಧ್ಯಯುಗದ ಪಂಡಿತರ ಕೈ ದಾಟಿ, 1533ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಇಂಗ್ಲೆಂಡಿನ ಮರಣದಂಡನೆಯ ಕಾನೂನಾಗಿ, ಅಲ್ಲಿಂದ ಹಡಗು ಹತ್ತಿ, 1860ರ ಇಂಡಿಯನ್ ಪೀನಲ್ ಕೋಡಿನ 377ನೇ ಸೆಕ್ಷನ್ನಿನಲ್ಲಿ ಪ್ರಕೃತಿಯ ಕ್ರಮಕ್ಕೆ ವಿರುದ್ಧ ಅಂತ ಬಂದು ಕೂತಿತು. 2009ರಲ್ಲಿ ದೆಹಲಿ ಹೈಕೋರ್ಟು ಒಪ್ಪಿಗೆಯಿಂದ ಕೂಡಿದ ವಯಸ್ಕರನ್ನ ಅದರಿಂದ ಹೊರಗಿಟ್ಟಾಗ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಚರ್ಚುಗಳ ಒಕ್ಕೂಟ ಒಂದಿತ್ತು, ಮುಸ್ಲಿಂ ಪರ್ಸನಲ್ ಲಾ ಬೋರ್ಡ್ ಇತ್ತು, ಒಬ್ಬ ಜ್ಯೋತಿಷಿ ಇದ್ರು, ಮನುವಾದಿ ಅಂತ ಹೆಸರಲ್ಲೇ ಇಟ್ಕೊಂಡ ಪಕ್ಷವೂ ಇತ್ತು. ಬೇರೆ ಯಾವ ವಿಷಯಕ್ಕೂ ಒಂದೇ ಬೆಂಚಲ್ಲಿ ಕೂರದವರು. 2013ರಲ್ಲಿ ಗೆದ್ರು, 2018ರ ಸೆಪ್ಟೆಂಬರ್ 6ಕ್ಕೆ ಐದು ಜನ ನ್ಯಾಯಮೂರ್ತಿಗಳು ಅದನ್ನ ತಿರುಗಿಸಿದ್ರು. ಅವತ್ತು ಅಕ್ಕನ ಮಗ ಕಾಲೇಜ್ ಕ್ಯಾಂಟೀನಲ್ಲಿ ಟಿವಿ ನೋಡ್ತಾ ನಿಂತಿದ್ದನಂತೆ, ಪಕ್ಕದವನು ಯಾಕೋ ಅಳ್ತಿದ್ದೀಯ ಅಂದಾಗ ಕಣ್ಣಿಗೆ ಖಾರ ಬಿತ್ತು ಅಂದನಂತೆ. ನಮ್ಮ ಸಭೆಯಲ್ಲಿ ಇವತ್ತಿಗೂ ಈ 377 ತೆಗೆದಿದ್ದು ಪಾಶ್ಚಾತ್ಯರ ಪ್ರಭಾವ ಅಂತಾರೆ. ತಂದಿದ್ದು ಯಾರ ಪ್ರಭಾವ ಅಂತ ಕೇಳಿದ್ರೆ ಚಹಾ ಬಂತು, ಚಹಾ ತಗೊಳ್ಳಿ ಅಂತಾರೆ.

ಈ ಸ್ವಭಾವ ಅನ್ನೋದನ್ನ ಪೌಲ ಬೇರೆ ಕಡೆಯೂ ಬಳಸ್ತಾನೆ. ಗಂಡಸು ಕೂದಲು ಬೆಳೆಸಿದ್ರೆ ಅವಮಾನ ಅಂತ ಸ್ವಭಾವವೇ ಕಲಿಸಲ್ವಾ ಅಂತ ಕೊರಿಂಥದವರನ್ನ ಕೇಳ್ತಾನೆ. ಜಟೆ ಬಿಟ್ಟ ಸಾಧುಗಳ ದೇಶದಲ್ಲಿ ಕೂತು ಅದನ್ನ ಓದಿದ್ರೆ, ಅವನು ಸ್ವಭಾವ ಅಂದಿದ್ದು ಆ ಕಾಲದ ಗ್ರೀಕ್ ಊರುಗಳ ರೂಢಿಯನ್ನ ಅಂತ ಯಾರಿಗಾದ್ರೂ ಹೊಳೆಯುತ್ತೆ, ಬೈಬಲಿನಲ್ಲೇ ಇರೋ, ಕೂದಲಲ್ಲೇ ಬಲ ಇದ್ದ ಸಂಸೋನನ ಕೂದಲು ಏನಾಯ್ತು ಅಂತಲೂ ಕೇಳಬಹುದು. ಇದಕ್ಕಿಂತ ನನಗೆ ಹಿಡಿಸಿದ್ದು ರೋಮಾ 11:24. ಕಾಡು ಎಣ್ಣೆಮರದ (ಆಲಿವ್ ಮರದ) ಕೊಂಬೆಯನ್ನ ಕಡಿದು ಊರಿನ ಒಳ್ಳೇ ಮರಕ್ಕೆ ಕಸಿ ಕಟ್ಟಿದ ಹಾಗೆ ದೇವರು ಯೆಹೂದಿಗಳಲ್ಲದ ಅನ್ಯಜನರನ್ನ ಒಳಗೆ ಸೇರಿಸಿಕೊಂಡ ಅನ್ನೋ ಮಾತು. ನಮ್ಮ ಕಡೆ ಮಾವಿನ ಕಸಿ ಕಟ್ಟೋದು ನೋಡಿದವರಿಗೆ ಗೊತ್ತು, ಕಾಟು ಮಾವಿನ ಗಿಡಕ್ಕೆ ಒಳ್ಳೇ ಜಾತಿಯ ಟಿಸಿಲು ಕಟ್ತಾರೆ, ಒಳ್ಳೇ ಮರಕ್ಕೆ ಕಾಟು ಟಿಸಿಲು ಯಾವ ಹುಚ್ಚನೂ ಕಟ್ಟಲ್ಲ. ಪೌಲನಿಗೂ ಅದು ಗೊತ್ತಿತ್ತೋ ಏನೋ, ದೇವರು ಮಾಡಿದ ಆ ಕೆಲಸವನ್ನ ಅವನು ಕರೆಯೋದು ಪಾರಾ ಫ್ಯೂಸಿನ್ ಅಂತ. ಮೊದಲ ಅಧ್ಯಾಯದಲ್ಲಿ ಬಂದ ಅದೇ ಎರಡು ಶಬ್ದ.

ಇದರಿಂದ ಪೌಲ ಒಪ್ಪಿದ ಅಂತ ಆಗಲ್ಲ. ಇವತ್ತು ಅವನನ್ನ ಕರ್ಕೊಂಡು ಬಂದು ನಮ್ಮ ಹುಡುಗನ ಫ್ಲಾಟಿನ ಸೋಫಾದಲ್ಲಿ ಕೂರಿಸಿದ್ರೆ ಅವನು ಖುಷಿಪಡ್ತಿದ್ದ ಅಂತ ನಾನು ನಂಬಲ್ಲ, ಒಂದನೇ ಶತಮಾನದ ಯೆಹೂದಿ ಅವನು. ಸಂದರ್ಭ ನೋಡಿ ಓದಿದ್ರೆ ಸಿಕ್ಕೋದು ಇಷ್ಟು, ಅವನು ಯಾರಿಗೆ ಬೈದನೋ ಆ ಯಜಮಾನರು, ಆ ಔತಣಗಳು, ಆ ಗುಲಾಮ ಹುಡುಗರು ಬೇರೆ, ಚಾಂದಿವಲಿಯಲ್ಲಿ ಇಎಂಐ ಕಟ್ಕೊಂಡು, ಕುಕ್ಕರ್ ಕೂಗಿದ್ರೆ ನೀನು ಇಳಿಸು ನಾನು ಇಳಿಸಲ್ಲ ಅಂತ ಜಗಳ ಆಡೋ ಈ ಇಬ್ಬರು ಬೇರೆ. ಇವರ ಬಗ್ಗೆ ಪುಸ್ತಕ ಸುಮ್ಮನಿದೆ. ಸುಮ್ಮನಿರೋ ಜಾಗದಲ್ಲಿ ಹೌದು ಅಂತಲೋ ಅಲ್ಲ ಅಂತಲೋ ಹೇಳಬೇಕಾದವರು ನಾವೇ, ನಮ್ಮ ಹೆಸರಲ್ಲೇ. ನಾನು ಹೌದು ಅಂತೀನಿ. ಯೆಹೆಜ್ಕೇಲನ ಹೆಗಲ ಮೇಲೆ ಬಂದೂಕಿಟ್ಟು ಹೇಳೋಕೆ ಹೋಗಿದ್ದೆ, ಅದು ಹೇಡಿತನ ಆಗಿತ್ತು.

ಹೀಗಂತಲೇ ಭಾವನಿಗೆ ಬರೆದೆ, ಈ ಸಲ ತ್ರಾಸು, ಐವತ್ತನೇ ವಚನ, ಹಳೇ ಗ್ರೀಕ್ ಅನುವಾದ ಎಲ್ಲಾ ಸೇರಿಸಿ, ಬಿಟ್ಟಿದ್ದನ್ನೆಲ್ಲ ಒಂದು ಕಡೆ ಪಟ್ಟಿ ಮಾಡಿ. ಉದ್ದ ಆಯ್ತು, ಮೂರು ಮೆಸೇಜು. ಎರಡು ನೀಲಿ ಗೆರೆ ಬಂತು, ಉತ್ತರ ಇಲ್ಲ. ಅಕ್ಕ ಹೇಳಿದ್ಲು, ರಾತ್ರಿ ಕನ್ನಡಕ ಹಾಕ್ಕೊಂಡು ಸತ್ಯವೇದ ಪೆನ್ಸಿಲ್ ಹಿಡ್ಕೊಂಡು ಕೂತಿರ್ತಾರೆ, ಏನಂತ ಕೇಳಿದ್ರೆ ಟ್ಯಾಲಿ ಮಾಡ್ತಿದ್ದೀನಿ ಅಂತಾರೆ ಅಂತ. ಶನಿವಾರದ ಊಟ ಈಗಲೂ ಏಳೂವರೆಗೆ.

ಹೋದ ಗುರುವಾರ ಠಾಣೆ ಸ್ಟೇಷನ್ನಲ್ಲಿ ಇಳಿಯೋವಾಗ ಫೋನ್ ಕುಂಯ್ ಅಂತು. ಭಾವ ಕಳಿಸಿದ ಫೋಟೋ, ರೋಮಾ 11, ಇಪ್ಪತ್ತನಾಲ್ಕನೇ ವಚನದ ಕೆಳಗೆ ಸ್ಕೇಲ್ ಇಟ್ಟು ಎಳೆದ ಪೆನ್ಸಿಲ್ ಗೆರೆ. ಪುಟ ಪೂರ್ತಿ ಇತ್ತು, ಅಂಚು ಸಮೇತ. ಕೆಳಗೆ, "ಗ್ರೀಕಿನಲ್ಲಿ ಎರಡೂ ಕಡೆ ಒಂದೇ ಶಬ್ದ ಅಂತ ನೀನೇ ನೋಡಿದ್ದಾ, ಯಾರೋ ಹೇಳಿದ್ದಾ?"

"ನಾನೇ ನೋಡಿದ್ದು ಭಾವ. ಒಂದೇ" ಅಂತ ಅಲ್ಲೇ ಬ್ರಿಜ್ ಮೇಲೆ ಜನ ತಳ್ತಾ ಇದ್ರೂ ನಿಂತು ಬರೆದೆ.

ಮನೆ ಮುಟ್ಟೋ ಹೊತ್ತಿಗೆ ಉತ್ತರ ಬಂದಿತ್ತು. "ಸರಿ. ಮುಂದಿನ ವಚನ ಓದಿ ಹೇಳ್ತೀನಿ."